ಕಾರವಾರ ಅಂಕೋಲೆಗಳ ಇತಿಹಾಸಸಾಧನಗಳು

ಕಾರವಾರದ ಅಥವಾ ಅಂಕೋಲೆಯ ಚರಿತ್ರೆಯನ್ನು ಬರೆಯಲುದ್ಯುಕ್ತನಾದವನು ಮೊಟ್ಟಮೊದಲು ಆ ಊರುಗಳನ್ನು ಬಿಟ್ಟು ಹೊರಡಬೇಕಾಗುತ್ತದೆಂದರೆ ವಾಚಕರಿಗೆ ವಿಚಿತ್ರವಾಗಿ ತೋರೀತು. ಆದರೆ ಸಂಗತಿಯು ಹಾಗೆಯೇ ಇರುತ್ತದೆ. ಕಾಳಿಯ ಅಳಿವೆಯಿಂದ ಗಂಗಾವಳಿಯ ಅಳಿವೆಯ ವರೆಗಿನ ಈ ಕಿರಿದಾದ ಕರಾವಳಿಯನ್ನು ಕಳೆದ ನಾಲ್ಕು ಶತಮಾನಗಳಲ್ಲಿ ಆಳಿದವರು ಅನೇಕರು. ಅವರು ಹೋಗುವಾಗ ಕೋಟೆಗಳನ್ನು ಬಿಟ್ಟುಹೋದರು. ಕಾಗದಪತ್ರಗಳನ್ನು ಮಾತ್ರ ತಮ್ಮ ತಮ್ಮ ರಾಜಧಾನಿಗಳಿಗೆ ಕೊಂಡುಹೋದರು. ಕೋಟೆಗಳ ಕಲ್ಲು ಮನೆಗಳ ಅಡಿಪಾಯಕ್ಕೆ ಸಂದಿತು. ಕಾಗದಗಳು ಪರಸ್ಥಳಗಳಲ್ಲಿ ಇಂದಿಗೂ ಸುರಕ್ಷಿತವಾಗಿವೆ. ಈ ಪ್ರಾಂತದ ಜನರು ತಮ್ಮ ಪೂರ್ವಿಕರ ವೃತ್ತಾಂತವನ್ನು ತಿಳಿಯಲು ಪರರ ಬಾಗಿಲನ್ನು ತಟ್ಟಬೇಕಾದ ಸ್ಥಿತಿಯು ಹೀಗೆ ಒದಗಿತು.

ಎಲ್ಲಕ್ಕೂ ಹತ್ತಿರದ ಬಾಗಿಲು ಗೋವೆಯದು. ಪಣಜಿಯ ಪತ್ರಾಗಾರವು 1595ರಲ್ಲಿ ಸ್ಥಾಪಿತವಾದದ್ದು. ಪೋರ್ತುಗೀಜ ಇತಿಹಾಸಕಾರನಾದ ದಿಯೋಗೊ ದೊ ಕೌತೊ ಎಂಬವನು ಅದರ ಮೊದಲನೆಯ ಪಾಲಕ. ಅಲ್ಲಿ 'ನೆರೆಯ ಅರಸರು' ಎಂಬ ಅರ್ಥದ ಹೆಸರಿನ ದಪ್ತರಗಳ ಸಾಲೊಂದುಂಟು. ಸೋದೆ, ಇಕ್ಕೇರಿ, ಮೈಸೂರು ಮೊದಲಾದ ಸಂಸ್ಥಾನಗಳೊಡನೆ ಗೋವೆಯ ಅಧಿಕಾರಿಗಳು ನಡೆಯಿಸಿದ ಪತ್ರವ್ಯವಹಾರವು ಅವುಗಳಲ್ಲಿ ಅಡಗಿರುತ್ತದೆ. 18ನೆಯ ಶತಮಾನದ ಪೂರ್ವಾರ್ಧದಲ್ಲಿ ಕಾರವಾರ ಅಂಕೋಲೆಗಳು ಸೋದೆಯ ಅರಸರ ಕೈಯಲ್ಲಿದ್ದವಷ್ಟೆ. ಕಾಳಿಯ ಉತ್ತರದ ಗುಡ್ಡದ ಮೇಲಿನ ಸದಾಶಿವಗಡವನ್ನು ಕಟ್ಟಿಸಿದವರೂ ಅವರೇ. 1752ರಲ್ಲಿ ಪೋರ್ತುಗೀಜರು ಆ ಗಡವನ್ನು ಹಿಡಿದರು. 1763ರಲ್ಲಿ ಹೈದರಾಲಿಯ ದಂಡು ಸೋದೆಯ ಮೇಲೆ ಬಿದ್ದಾಗ ಅರಸನು ಗೋವೆಯ ಆಶ್ರಯವನ್ನು ಹೊಕ್ಕನು. ಆ ಮನೆತನವು ಫೋಂಡೆಯ ಬಳಿಯ ಬಾಂದೋಡೆಯಲ್ಲಿ ನೆಲೆಸಿತು. ಅಂದರೆ ನಾಡಿನ ಕೊನೆಯ ಸ್ವಂತ ಅರಸರ ಕಥೆಯು ಬಹುಮಟ್ಟಿಗೆ ಪೋರ್ತುಗೀಜು ಭಾಷೆಯಲ್ಲಿ ಉಳಿದಿದೆಯೆಂದಾಯಿತು. ಪಾಂಡುರಂಗ ಪಿಸುರ್ಲೇಕರರು ಅನೇಕ ವರ್ಷ ಆ ಪತ್ರಾಗಾರದ ಮುಖ್ಯಸ್ಥರಾಗಿದ್ದು ಅದರ ದಪ್ತರಗಳನ್ನು ವಿದ್ವಜ್ಜನರಿಗೆ ಪರಿಚಯಿಸಿದರು. ಕಾರವಾರದಿಂದ ಪಣಜಿಗೆ ಅರ್ಧ ದಿನದ ದಾರಿಯೂ ಇಲ್ಲ. ಆದರೆ ಆ ದಪ್ತರಗಳನ್ನೋದಲು ಬೇಕಾಗುವ ಪೋರ್ತುಗೀಜನ್ನು ಕಲಿತ ಕನ್ನಡಿಗರು ಬೆರಳೆಣಿಕೆಗಾದರೂ ಸಿಕ್ಕುವರೋ ಇಲ್ಲವೋ. ವಿಲಾಯತಿಯ ಭಾಷೆಗಳಲ್ಲಿ ಇಂಗ್ಲಿಷೊಂದೇ ಪುರುಷಾರ್ಥಸಾಧಕವೆಂದು ನಂಬಿದ್ದರ ಫಲವಿದು.

ಇಂಗ್ಲಿಷರು ಕಾರವಾರಕ್ಕೆ ಬಂದದ್ದು 1638ರಲ್ಲಿ. ಮೊದಲು ಬಂದವರು ಕೋರ್ಟೀನನ ಸಂಘದವರು. ಕೋಠಿಯು ಕಂಪನಿಯ ಕೈಗೆ ಸೇರಿದ್ದು ತರುವಾಯ. ಮೆಣಸಿಗಾಗಿಯೂ ಘಟ್ಟದ ಮೇಲಿನಿಂದ ಇಳಿದುಬರುತ್ತಿದ್ದ ನಯವಾದ ಅರಿವೆಗಾಗಿಯೂ ಇಲ್ಲಿ ವ್ಯಾಪಾರ ನಡೆಯುತ್ತಿತ್ತು. ಈ ಕೋಠಿಯವರು ಬರೆದ ಪತ್ರಗಳು ಲಂಡನ್ನಿನಲ್ಲಿವೆ. ವಿಲಿಯಂ ಫಾಸ್ಟರನು ಸಂಪಾದಿಸಿದ ಸಂಪುಟಗಳಲ್ಲಿ ಅವುಗಳ ಸಾರವು ಅಚ್ಚಾಗಿದೆ. 1665ರಲ್ಲಿ ಶಿವಾಜಿಯು ಕಾರವಾರದ ಮೇಲೆ ಬಂದಾಗ ಊರವರು ಕೂಡಿಸಿಕೊಟ್ಟ ಹಣದಲ್ಲಿ ಇಂಗ್ಲಿಷರ ಪಾಲು 112 ಪೌಂಡುಗಳೆಂಬುದು ಆ ಮೂಲದಿಂದ ತಿಳಿಯುತ್ತದೆ. ಊರ ವರ್ತಕರ ಖಾತೆಪುಸ್ತಕವೊಂದು ಉಳಿದಿದ್ದರೆ ಉಳಿದ ಪಾಲು ಯಾರು ಯಾರದೆಂಬುದೂ ತಿಳಿಯುತ್ತಿತ್ತು. ಜಾನ್ ಫ್ರಾಯರನೆಂಬ ವೈದ್ಯನು 1670ರ ದಶಕದ ಮಧ್ಯದಲ್ಲಿ ಕಾರವಾರದಲ್ಲಿದ್ದು ಇಲ್ಲಿಂದ ಗೋಕರ್ಣದ ವರೆಗೆ ಪ್ರವಾಸ ಮಾಡಿ ತಾನು ಕಂಡುದನ್ನೆಲ್ಲ ಬರೆದಿಟ್ಟನು. ಆ ಗ್ರಂಥವು 1698ರಲ್ಲಿ ಪ್ರಕಟವಾಯಿತು. ಅದೇ ದಾರಿಯನ್ನು ಪ್ರತಿವರ್ಷ ಶಿವರಾತ್ರಿಗೆ ತುಳಿಯುತ್ತಿದ್ದ ಸಹಸ್ರಾವಧಿ ಯಾತ್ರಿಕರಲ್ಲಿ ಒಬ್ಬನಾದರೂ ನಾಲ್ಕು ಸಾಲು ಬರೆದಿಡಬೇಕೆಂದು ಬಗೆದಂತೆ ಕಾಣುವುದಿಲ್ಲ. ಯಾತ್ರೆಯ ಪುಣ್ಯಕ್ಕೆ ಬರಹದ ಅಗತ್ಯವಿರಲಿಲ್ಲವೆಂದು ಸಮಾಧಾನ ಹೇಳಿಕೊಳ್ಳಬಹುದು.

1799ರಲ್ಲಿ ಟೀಪುವಿನ ಪತನಾನಂತರ ಕನ್ನಡ ಜಿಲ್ಲೆಯು ಕಂಪನಿಗೆ ಸೇರಿ ಮದ್ರಾಸ ಇಲಾಖೆಗೆ ಒಳಪಟ್ಟಿತು. ಮೊದಲ ಕಲೆಕ್ಟರನು ಥಾಮಸ್ ಮನ್ರೋ. ಭೂಮಿಯ ತೆರಿಗೆಯನ್ನು ಕುರಿತು ಅವನು ಬರೆದ ವರದಿಗಳು ಪ್ರಸಿದ್ಧವಾಗಿವೆ. ಅವುಗಳಲ್ಲಿ ಅವನು ವಿಜಯನಗರದ ಕಾಲದ ವರೆಗೆ ಹಿಂದಕ್ಕೆ ಹೋಗಿ ಕಂದಾಯದ ಕ್ರಮವನ್ನು ವಿವರಿಸಲು ಶಕ್ತನಾದದ್ದು ಶಾನಭಾಗರ ವಶದಲ್ಲಿದ್ದ ಹಳೆಯ ಲೆಕ್ಕಗಳ ಬಲದಿಂದ. ಆ ಲೆಕ್ಕಗಳೆಂದರೆ ಕಡತಗಳು: ಅರಿವೆಗೆ ಇದ್ದಿಲಿನ ಪುಡಿ ಹುಣಸೆಬೀಜದ ಅಂಟುಗಳನ್ನು ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಚಿ, ಬಿಳಿಯ ಬಳಪದಿಂದ ಬರೆದ ಕರಿಯ ಪುಸ್ತಕಗಳು. ಒಬ್ಬ ವಿದೇಶೀಯ ಅಧಿಕಾರಿಯು ಎರಡು ವರ್ಷದೊಳಗೆ ಕೇಳಿ, ಓದಿಸಿ, ಬಳಸಿಕೊಂಡ ವಸ್ತುವಿನ ಬೆಲೆಯನ್ನು ಅದರ ಒಡೆಯರು ಮುಂದಿನ ನೂರು ವರ್ಷಗಳಲ್ಲಿಯೂ ಅರಿಯಲಿಲ್ಲವೆಂಬುದು ಖೇದದ ವಿಷಯ. ಮುಂದೆ ಜಿಲ್ಲೆಯು ಇಬ್ಭಾಗವಾಗಿ, ಉತ್ತರದ ಭಾಗವು 1862ರಲ್ಲಿ ಮುಂಬಯಿ ಇಲಾಖೆಗೆ ವರ್ಗವಾಯಿತು. ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು. 1956ರ ನವೆಂಬರ 1ರಂದು ಮತ್ತೆ ವರ್ಗವಾಗಿ ಮೈಸೂರು ರಾಜ್ಯಕ್ಕೆ ಸೇರಿತು. ಒಂದು ಜಿಲ್ಲೆಯು ಹೀಗೆ ಕೈಯಿಂದ ಕೈಗೆ ಹೋದಾಗಲೆಲ್ಲ ಅದರ ಮೇಲಿನ ಕಚೇರಿಯ ದಪ್ತರಗಳು ಹಳೆಯ ರಾಜಧಾನಿಯಲ್ಲಿಯೇ ನಿಂತುಬಿಡುತ್ತವೆ. ಆದುದರಿಂದ 19ನೆಯ ಶತಮಾನದ ಪೂರ್ವಾರ್ಧಕ್ಕೆ ಚೆನ್ನೈಯೂ, ಅಲ್ಲಿಂದ ಮುಂದಿನ ಸುಮಾರು ಒಂದು ಶತಮಾನಕ್ಕೆ ಮುಂಬಯಿಯೂ, ಆಮೇಲಿನದಕ್ಕೆ ಬೆಂಗಳೂರೂ ಗತಿ.

ಈ ವರ್ಗಾವರ್ಗಿಯಿಂದಾದ ಇನ್ನೊಂದು ನಷ್ಟವು ಅಷ್ಟಾಗಿ ಯಾರ ಗಮನಕ್ಕೂ ಬಂದಿರುವುದಿಲ್ಲ. ಲೂಯಿಸ್ ರೈಸರು 1886ರಿಂದ 1905ರ ವರೆಗೆ ಹೊರತಂದ ಎಪಿಗ್ರಾಫಿಯಾ ಕರ್ಣಾಟಿಕದ 12 ಸಂಪುಟಗಳು ಮೈಸೂರು ಸಂಸ್ಥಾನದ ಮತ್ತು ಕೊಡಗಿನ ಶಾಸನಗಳಿಗೆ ಮೀಸಲು. ಘಟ್ಟದ ಮೇಲಿನ ಸೊರಬ ಸಾಗರಗಳ ಒಂದೊಂದು ವೀರಗಲ್ಲೂ ಅಚ್ಚಿನ ಪುಟವನ್ನು ಕಂಡಿತು. ಘಟ್ಟದ ಕೆಳಗಿನ ಕಲ್ಲು ಮುಂಬಯಿ ಇಲಾಖೆಯ ಕಲ್ಲಾದ ಕಾರಣ ಗಡಿಯಾಚೆಗೇ ಉಳಿಯಿತು. ಶಾಸನವನ್ನು ಕೊರೆದ ಅರಸನಿಗೆ ಈ ಗಡಿಯ ಗೊತ್ತೇ ಇರಲಿಲ್ಲ! 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯು ಹುಟ್ಟಿ, ಆರ್. ಎಸ್. ಪಂಚಮುಖಿಯವರ ನೇತೃತ್ವದಲ್ಲಿ ಮುಂಬಯಿ ಕರ್ನಾಟಕದ ಶಾಸನಗಳ ಸಂಗ್ರಹಕ್ಕೆ ತೊಡಗಿದ ಮೇಲೆ ಈ ಲೋಪವು ತಕ್ಕಮಟ್ಟಿಗೆ ತುಂಬಿತು. ಆದರೆ ಅರ್ಧ ಶತಮಾನ ತಡವಾಯಿತು. ಅರ್ಧ ಶತಮಾನದಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಸವೆದ ಶಾಸನಗಳೆಷ್ಟೋ ಬಲ್ಲವರಾರು?

ಅಚ್ಚಾದ ಗ್ರಂಥಗಳ ಪೈಕಿ ಈ ಪ್ರಾಂತಕ್ಕೆ ಆಧಾರವಾಗಿ ನಿಂತದ್ದು ಜೇಮ್ಸ್ ಕ್ಯಾಂಬೆಲ್ಲನ ಸಂಪಾದಕತ್ವದಲ್ಲಿ 1883ರಲ್ಲಿ ಎರಡು ಭಾಗಗಳಾಗಿ ಹೊರಟ ಮುಂಬಯಿ ಗೆಜೆಟಿಯರಿನ 15ನೆಯ ಸಂಪುಟ. ಇಂದಿಗೂ ಯಾವ ಊರ ಜಾತ್ರೆಯ ಆಮಂತ್ರಣದಲ್ಲಿ ನಾಲ್ಕು ಸಾಲು ಪೂರ್ವವೃತ್ತಾಂತ ಬರೆಯಬೇಕಾದರೂ ಜನರು ತಿಳಿದೋ ತಿಳಿಯದೆಯೋ ಆ ಸಂಪುಟದ ಮಾತನ್ನೇ ಬರೆಯುತ್ತಾರೆ. ಶತಮಾನದ ತರುವಾಯ, 1985ರಲ್ಲಿ, ಸೂರ್ಯನಾಥ ಕಾಮತರು ಸಂಪಾದಿಸಿದ ಜಿಲ್ಲಾ ಗೆಜೆಟಿಯರು ಬಂದು ಅನೇಕ ವಿಷಯಗಳನ್ನು ತಿದ್ದಿತು, ಸೇರಿಸಿತು. ಹಳೆಯ ಸಂಪುಟವು ಹೊರಟ 1883ರಲ್ಲಿಯೇ ಕಾರವಾರದಲ್ಲಿ ಇನ್ನೊಂದು ಬರಹವೂ ನಡೆಯುತ್ತಿತ್ತು. ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಠಾಕೂರರ ಮನೆಗೆ ಬಂದಿದ್ದ ತಮ್ಮ ರವೀಂದ್ರನಾಥರು ಇಲ್ಲಿ ತಮ್ಮ ಪ್ರಕೃತಿಯ ಪ್ರತಿಶೋಧವೆಂಬ ನಾಟಕವನ್ನು ಬರೆದರು. ಮುಂದೆ ಆತ್ಮಕಥೆಯಲ್ಲಿ ಕಾರವಾರಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟರು. ಊರ ಕಡಲತೀರಕ್ಕೆ ಇಂದು ಅವರ ಹೆಸರಿದೆ. ಅದು ಉಚಿತವೇ. ಆದರೆ ಬಂದು ಹೋದ ಅತಿಥಿಯ ನೆನಪು ಹೀಗೆ ಸ್ಥಿರವಾದದ್ದು ಅತಿಥಿಯು ಬರೆದಿಟ್ಟದ್ದರಿಂದ. ಅದೇ ವರ್ಷ ಅದೇ ಊರಿನಲ್ಲಿ ವಾಸವಾಗಿದ್ದ ಒಬ್ಬ ಬೆಸ್ತನ, ಒಬ್ಬ ಪಂತೋಜಿಯ, ಒಬ್ಬ ಗುಮಾಸ್ತನ ದಿನಚರಿಯು ಇಂದು ಯಾವ ಪುಸ್ತಕದಿಂದಲೂ ತಿಳಿಯದು.

ಅಂಕೋಲೆಯ ವಿಷಯವು ಇದಕ್ಕಿಂತಲೂ ಗಂಭೀರವಾದುದು. 1930ನೆಯ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದದ್ದೂ, ತರುವಾಯ ಸಿದ್ದಾಪುರದಂತೆ ಅಂಕೋಲೆಯಲ್ಲಿಯೂ ಕರನಿರಾಕರಣೆ ನಡೆದದ್ದೂ, 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ತಾಲೂಕಿಗೆ ಬಂದದ್ದೂ ವಾಚಕರಿಗೆ ವಿದಿತವೇ ಇದೆ. ಸೂರ್ವೆ, ಹಿಚ್ಕಡ, ಕಣಗಿಲ ಮೊದಲಾದ ಹಳ್ಳಿಗಳ ರೈತರು ಕಂದಾಯವನ್ನು ಕೊಡದೆ ಹೊಲಮನೆಗಳನ್ನು ಕಳೆದುಕೊಂಡರು. ಪಾತ್ರೆಪಗಡಿ, ದನಕರು, ಕಡೆಗೆ ಭೂಮಿ, ಎಲ್ಲವೂ ಜಪ್ತಿಯಾಗಿ ಲಿಲಾವಿಗೆ ಹೋಯಿತು. 1937ರಲ್ಲಿ ಅಧಿಕಾರಕ್ಕೆ ಬಂದ ಖೇರ ಮಂತ್ರಿಮಂಡಲವು ಕಾಯಿದೆ ಮಾಡಿ ಭೂಮಿಗಳನ್ನು ಹಿಂದಕ್ಕೆ ಕೊಡಿಸುವ ವರೆಗೆ ಆ ಕುಟುಂಬಗಳು ಪಟ್ಟ ಪಾಡು ಸಾಮಾನ್ಯವಾದುದಲ್ಲ.

ಈ ಪ್ರಸಂಗದ ಸಾಧನಗಳ ಸ್ಥಿತಿಯೇನು? ಒಂದು ಪಕ್ಷದವರು ಬರೆದರು, ಇನ್ನೊಂದು ಪಕ್ಷದವರು ಬರೆಯಲಿಲ್ಲ. ಸರಕಾರದ ಪಕ್ಷದಲ್ಲಿ ನೋಟೀಸುಂಟು, ಪಂಚನಾಮೆಯುಂಟು, ಲಿಲಾವಿನ ಯಾದಿಯುಂಟು, ಪೋಲೀಸರ ಗುಪ್ತ ವರದಿಯುಂಟು. ಇವೆಲ್ಲ ಶಿಸ್ತಿನಿಂದ ಕಟ್ಟಿಟ್ಟ ಕಾಗದಗಳು. ಸತ್ಯಾಗ್ರಹಿಗಳ ಪಕ್ಷದಲ್ಲಿ ಬರೆಯುವುದೇ ಅಪಾಯ. ಗುಟ್ಟಾಗಿ ಹಂಚಿದ ಬುಲೆಟಿನ್ನುಗಳನ್ನು ಓದಿ ಒಲೆಗೆ ಹಾಕುವುದೇ ಜಾಣತನವಾಗಿತ್ತು. ಹೀಗಿರಲು ಕೇವಲ ದಪ್ತರಗಳನ್ನೋದಿ ಅಂಕೋಲೆಯ ಹೋರಾಟವನ್ನು ಬರೆಯುವವನು ತನಗರಿವಿಲ್ಲದೆ ಮಾಮಲೇದಾರನ ಕಣ್ಣಿನಿಂದಲೇ ನೋಡುವನು. ಲಿಲಾವಿನ ಯಾದಿಯಲ್ಲಿ ಹಂಡೆಯೊಂದರ ಬೆಲೆ ಇರುತ್ತದೆ. ಆ ಹಂಡೆಯು ಹೋದ ಮೇಲೆ ಬಾಣಂತಿಗೆ ನೀರು ಕಾಯಿಸಿದ್ದು ಯಾವುದರಲ್ಲಿ, ಮಕ್ಕಳನ್ನು ಯಾವ ನೆಂಟರ ಮನೆಗೆ ಕಳುಹಿಸಿದರು, ಲಿಲಾವಿನಲ್ಲಿ ಭೂಮಿ ಕೊಂಡ ನೆರೆಯವನೊಡನೆ ಮುಂದೆ ಎಷ್ಟು ವರ್ಷ ಮಾತು ನಿಂತಿತ್ತು, ಇವೆಲ್ಲ ಮನೆಯ ಹಿರಿಯರ ಬಾಯಲ್ಲಿ ಮಾತ್ರ ಇದ್ದವು. 1970ರ ದಶಕದಲ್ಲಿ ಸೂರ್ಯನಾಥ ಕಾಮತರು ಕರ್ನಾಟಕದ ಹೋರಾಟಗಾರರ ಬಾಯಿಂದಲೇ ವೃತ್ತಾಂತಗಳನ್ನು ಬರೆಯಿಸಿಕೊಂಡು 'ಸ್ವಾತಂತ್ರ್ಯ ಸಂಗ್ರಾಮದ ಸ್ಮೃತಿಗಳು' ಎಂಬ ಸಂಪುಟಗಳನ್ನು ಹೊರತಂದದ್ದು ಆ ದೃಷ್ಟಿಯಿಂದ ಮಹೋಪಕಾರವಾಯಿತು. ಅವರು ಇನ್ನು ಹತ್ತು ವರ್ಷ ತಡೆದಿದ್ದರೆ ಹೇಳುವವರು ಅರ್ಧದಷ್ಟೂ ಉಳಿಯುತ್ತಿರಲಿಲ್ಲ. ಅಂಕೋಲೆಯಲ್ಲಿ ಸ್ವಾತಂತ್ರ್ಯ ಸಂಗ್ರಾಮದ ಸ್ಮಾರಕಭವನವೊಂದು ನಿಂತಿದೆ. ಭವನವೆಂದ ಮೇಲೆ ಅಲ್ಲಿ ಸಭೆಗಳೂ ಹಾರತುರಾಯಿಗಳೂ ಆಗತಕ್ಕವೇ. ಒಂದು ಬೀರುವಿನಲ್ಲಿ ಪ್ರತಿಯೊಂದು ಹಳ್ಳಿಯ ಹೆಸರಿನ ಒಂದೊಂದು ಕಟ್ಟು, ಅದರೊಳಗೆ ಆ ಹಳ್ಳಿಯಲ್ಲಿ ಉಳಿದ ನೋಟೀಸುಗಳ ಪ್ರತಿ, ಜೈಲಿನಿಂದ ಬಂದ ಕಾರ್ಡುಗಳ ಪ್ರತಿ, ಮೊಮ್ಮಕ್ಕಳು ಕೇಳಿದ ಮಾತುಗಳ ಟಿಪ್ಪಣಿ, ಇಷ್ಟಿರುವುದು ಯಾವ ಸ್ಮಾರಕಕ್ಕಾದರೂ ಪ್ರಾಣದಂತೆ.

ಇನ್ನು ಮನೆಗಳಲ್ಲಿರುವ ಕಾಗದಗಳ ಮಾತು. ದೇವಸ್ಥಾನದ ಮೊಕ್ತೇಸರರ ಮನೆ, ವೈದಿಕರ ಮನೆ, ಹಳೆಯ ಶಾನಭಾಗರ ಮನೆ, ಬಂದರಿನಲ್ಲಿ ವ್ಯಾಪಾರ ಮಾಡಿದವರ ಮನೆ, ಇಂಥಲ್ಲಿ ಅಟ್ಟದ ಮೇಲೆ ಒಂದು ಗಂಟು ಇದ್ದೇ ಇರುತ್ತದೆಂಬುದು ಈ ಕಡೆಯವರಿಗೆಲ್ಲ ಗೊತ್ತಿದ್ದ ಸಂಗತಿ. ಅದರಲ್ಲಿ ಏನಿದೆಯೆಂಬುದು ಗೊತ್ತಿಲ್ಲ. ಓಲೆ, ಕಡತ, ಮೋಡಿ ಅಕ್ಷರದ ಪತ್ರ, ಜಾತಕ, ಅಡವುಪತ್ರ, ಎಲ್ಲವೂ ಒಂದೇ ಕೆಂಪು ಅರಿವೆಯಲ್ಲಿ. ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರು ಮಳೆ ಸುರಿಯುವ ಸೀಮೆಯಲ್ಲಿ ಕಾಗದಕ್ಕೆ ಆಯುಷ್ಯ ಕಡಿಮೆ. ಮಳೆ ಬಿಟ್ಟದ್ದನ್ನು ಒರಲೆ ತಿನ್ನುತ್ತದೆ. 2019ರ ಆಗಸ್ಟಿನಲ್ಲಿ ಕಾಳಿಯೂ ಗಂಗಾವಳಿಯೂ ಉಕ್ಕಿ ದಂಡೆಯ ಮನೆಗಳಿಗೆ ನುಗ್ಗಿದವು. 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದಾಗ ಹೊಳೆಯ ಆಚೆ ದಡದ ಉಳುವರೆಯ ಮನೆಗಳು ನೀರಿನ ಹೊಡೆತಕ್ಕೆ ಸಿಕ್ಕಿ ನಾಶವಾದವು. ಜೀವಹಾನಿಯ ಮುಂದೆ ಕಾಗದದ ಹಾನಿಯನ್ನೆತ್ತುವುದು ಸಲ್ಲದು. ಆದರೂ ಮನೆಯೊಂದು ಹೋದಾಗ ಅದರ ನೆನಪಿನ ಗಂಟೂ ಹೋಗುತ್ತದೆಂಬುದು ನಿಜ.

ಆದಾಗ್ಯೂ ಒರಲೆಗಿಂತಲೂ ಹೊಳೆಗಿಂತಲೂ ಹೆಚ್ಚು ಹಾನಿ ಮಾಡಿದವುಗಳು ಎರಡು: ಭಕ್ತಿ ಮತ್ತು ಭೀತಿ. ಭಕ್ತಿಯು ಓಲೆಗೆ ಅರಿಸಿನಕುಂಕುಮ ಹಚ್ಚುತ್ತದೆ, ನವರಾತ್ರಿಯಲ್ಲಿ ಪೂಜಿಸುತ್ತದೆ, ಬಿಚ್ಚಿ ಓದಗೊಡುವುದಿಲ್ಲ. ಜೀರ್ಣವಾದ ಮೇಲೆ ಮರ್ಯಾದೆಯಿಂದ ನದಿಗೆ ಬಿಡುತ್ತದೆ. ಭೀತಿಯ ಕಾರಣ ಬೇರೆ. 1974ರ ಭೂಸುಧಾರಣೆಯ ತಿದ್ದುಪಡಿಯಾದ ಮೇಲೆ ಒಡೆಯರಿಗೂ ಗೇಣಿದಾರರಿಗೂ ಹಳೆಯ ಕಾಗದವೆಂದರೆ ಕೋರ್ಟಿನ ನೆನಪು. ಯಾರೋ ಬಂದು ಗಂಟು ಬಿಚ್ಚಿ ನೋಡಿದರೆ ಯಾವ ಹಕ್ಕು ಹೋಗುವುದೋ, ಯಾವ ದಾಯಾದಿ ಎದ್ದು ಬರುವನೋ ಎಂಬ ಶಂಕೆ. ಈ ಶಂಕೆಯನ್ನು ಅಜ್ಞಾನವೆಂದು ಹಾಸ್ಯ ಮಾಡುವುದು ಸುಲಭ. ಅದು ಪೂರ್ತಿ ನಿರಾಧಾರವಲ್ಲವಾದುದರಿಂದ ಹಾಸ್ಯ ಮಾಡುವವರಿಗೆ ಯಾರೂ ಗಂಟು ಬಿಚ್ಚಿ ತೋರಿಸುವುದಿಲ್ಲ.

ಬರಹವೇ ಇಲ್ಲದವರ ಇತಿಹಾಸವು ಇದಕ್ಕಿಂತ ಬೇಗ ಹೋಗುತ್ತದೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವೆನಿಸಿದ್ದರು; 2017ರಲ್ಲಿ ಪದ್ಮಶ್ರೀ ಪಡೆದರು; 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಆಕಾಶವಾಣಿಯೂ ಜಾನಪದ ಅಕಾಡೆಮಿಯೂ ಅವರ ಕಂಠದ ಹಾಡುಗಳನ್ನು ಮುದ್ರಿಸಿಕೊಂಡದ್ದು ಭಾಗ್ಯ. ಅವರಿಗೂ ಮೊದಲು ಕುಮಟೆಯ ಎಲ್. ಆರ್. ಹೆಗಡೆಯವರು ಜಿಲ್ಲೆಯ ಹಾಡು ಕಥೆಗಳನ್ನು ಊರೂರು ಅಲೆದು ಕೂಡಿಸಿದ್ದರು; ಎನ್. ಆರ್. ನಾಯಕರು ಹಾಲಕ್ಕಿಗಳ ಸಂಸ್ಕೃತಿಯನ್ನು ಕುರಿತು ದುಡಿದರು. ಸುಗ್ಗಿಯ ಹಾಡೊಂದರಲ್ಲಿ ಬರುವ ಗದ್ದೆಯ ಹೆಸರು, ಬೀಜದ ಹೆಸರು, ಒಡೆಯನ ಹೆಸರು, ಇವನ್ನು ಇತಿಹಾಸಕಾರನು ಸಾಧನವೆಂದೆಣಿಸದೆ ಹೋದರೆ ಅದು ಅವನ ದಾರಿದ್ರ್ಯ.

ಈ ಕಾಲದಲ್ಲಿಯೇ ಕಣ್ಣೆದುರು ನಡೆದ ಒಂದು ಉದಾಹರಣೆಯನ್ನು ಎತ್ತಬಹುದು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲಾಯಿತು. 2005ರಲ್ಲಿ ಐಎನ್‌ಎಸ್ 'ಕದಂಬ' ಎಂಬ ಹೆಸರಿನಿಂದ ನೆಲೆಯು ಕಾರ್ಯಾರಂಭ ಮಾಡಿತು. ನಡುವಣ ಕಾಲದಲ್ಲಿ ಅರ್ಗಾ, ಬಿಣಗಾ ಮೊದಲ್ಗೊಂಡು ಕಾರವಾರ ಅಂಕೋಲೆ ತಾಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ಎದ್ದು ತೋಡೂರು, ಮುದಗಾ, ಚಿತ್ತಾಕುಲ ಮೊದಲಾದೆಡೆಯ ನಿರ್ವಸತಿಗರ ಕಾಲನಿಗಳಿಗೆ ಹೋದವು. ದೇಶರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ. ಹೊಸ ನೆಲೆಗೆ ಬನವಾಸಿಯ ಪ್ರಾಚೀನ ಅರಸುಮನೆತನದ ಹೆಸರಿಟ್ಟದ್ದೂ ಸಂತೋಷವೇ. ಆದರೆ 1500 ವರ್ಷಗಳ ಹಿಂದಿನ ಹೆಸರು ನೆನಪಾದ ಸ್ಥಳದಲ್ಲಿ ನಾಲ್ವತ್ತು ವರ್ಷಗಳ ಹಿಂದೆ ಯಾವ ತೆಂಗಿನ ತೋಟಕ್ಕೆ ಏನು ಹೆಸರಿತ್ತು, ಯಾವ ದೋಣಿ ಎಲ್ಲಿ ನಿಲ್ಲುತ್ತಿತ್ತು, ಯಾವ ಚೌಡಿಯ ಕಲ್ಲು ಯಾವ ಮರದ ಬುಡದಲ್ಲಿತ್ತು ಎಂಬುದನ್ನು ಬರೆದಿಡುವವರು ಬೇಕು. ಹಣಪರಿಹಾರದ ದಾವೆಗಳ ಕಾಗದಗಳಲ್ಲಿ ಗುಂಟೆಯ ಲೆಕ್ಕ ಸಿಕ್ಕುತ್ತದೆ, ಹೆಸರುಗಳು ಸಿಕ್ಕುವುದಿಲ್ಲ. ಆ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರು ಇನ್ನೂ ಬದುಕಿದ್ದಾರೆ. ಅವರನ್ನು ಕೂಡಿಸಿ ಒಂದು ದೊಡ್ಡ ಹಾಳೆಯ ಮೇಲೆ ನೆನಪಿನಿಂದ ಊರಿನ ನಕಾಶೆಯನ್ನು ಬರೆಯಿಸಲು ಖರ್ಚೂ ಹೆಚ್ಚಿಲ್ಲ, ವಿದ್ವತ್ತೂ ಹೆಚ್ಚು ಬೇಡ.

ಗ್ರಂಥಸಂಗ್ರಹದ ವಿಚಾರವು ಈ ನಾಡಿಗೆ ಹೊಸದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಲೆಕ್ಕಪತ್ರಗಳ ಶಾಲೆಗೆ 'ಅಕ್ಷಪಟಲ'ವೆಂದು ಹೆಸರಿಟ್ಟು, ದೇಶ ಗ್ರಾಮ ಜಾತಿ ಕುಲಗಳ ಧರ್ಮವ್ಯವಹಾರಗಳನ್ನೂ ಅಲ್ಲಿ ಬರೆದಿಡಬೇಕೆಂದು ವಿಧಿಸಿದನು. ಕಲ್ಹಣನು ರಾಜತರಂಗಿಣಿಯ ಆರಂಭದಲ್ಲಿ ತಾನು ಹಿಂದಿನವರ ಹನ್ನೊಂದು ಗ್ರಂಥಗಳನ್ನೂ, ನೀಲಮತವನ್ನೂ, ಪೂರ್ವರಾಜರ ಶಾಸನಗಳನ್ನೂ ನೋಡಿದುದಾಗಿ ಹೇಳುತ್ತಾನೆ. 'ಹೀಗಿತ್ತಷ್ಟೆ' ಎಂಬುದೇ ಇತಿಹಾಸ ಶಬ್ದದ ಅರ್ಥ, ಹೀಗಿತ್ತೆನ್ನಲು ಕಂಡದ್ದೊಂದಿರಬೇಕು. ಆ ಅರ್ಥಶಾಸ್ತ್ರವೇ ಶತಮಾನಗಳ ಕಾಲ ಕಣ್ಮರೆಯಾಗಿದ್ದು, ತಂಜಾವೂರು ಪ್ರಾಂತದ ಪಂಡಿತನೊಬ್ಬನು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ ಓಲೆಗಳಿಂದ 1905ರಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಗೋಚರವಾಯಿತು, 1909ರಲ್ಲಿ ಅಚ್ಚಾಯಿತು. ಆ ಪಂಡಿತನು ಓಲೆಯನ್ನು ಮನೆಯಲ್ಲಿಯೇ ಪೂಜಿಸುತ್ತಿದ್ದರೆ ಪೂಜೆಗೆ ಲೋಪವಿರುತ್ತಿರಲಿಲ್ಲ. ಲೋಕಕ್ಕೆ ಮಾತ್ರ ಕೌಟಿಲ್ಯನು ಬರಿಯ ಹೆಸರಾಗಿ ಉಳಿಯುತ್ತಿದ್ದನು.

ಉತ್ತರ ಕರ್ನಾಟಕದಲ್ಲಿ 1890ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘವೂ, 1914ರಲ್ಲಿ ಆಲೂರು ವೆಂಕಟರಾಯರ ಉದ್ಯಮದಿಂದ ಇತಿಹಾಸ ಸಂಶೋಧನ ಮಂಡಲವೂ ಹುಟ್ಟಿದವು. ಮುಂಬಯಿ ಸರಕಾರವು 1939ರಲ್ಲಿ ನೇಮಿಸಿದ ಫೈಜೀ ಸಮಿತಿಯು ಹಳ್ಳಿಯ ವರೆಗೆ ಇಳಿಯುವ ಗ್ರಂಥಾಲಯಶ್ರೇಣಿಯನ್ನು ಸೂಚಿಸಿತು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ಜಿಲ್ಲೆಗಳಿಗೆ ಗ್ರಂಥಾಲಯಗಳೂ ಅವುಗಳಿಗೆ ಕರದ ಆದಾಯವೂ ದೊರೆತವು. ಅದೇ ವರ್ಷ ಕಾರವಾರದಲ್ಲಿ ಕಡೆಂಗೋಡ್ಲು ಶಂಕರಭಟ್ಟರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಲನವೂ ನೆರವೇರಿತು. ಅಂಕೋಲೆಯ ಮಟ್ಟಿಗೆ ದಿನಕರ ದೇಸಾಯಿಯವರ ಹೆಸರೊಂದೇ ಸಾಕು. ರೈತರ ಚಳುವಳಿಗಾಗಿ 1940ರಲ್ಲಿ ಜಿಲ್ಲೆಯಿಂದಲೇ ಗಡೀಪಾರಾದ ಈ ಕವಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಊರೂರಿಗೆ ಶಾಲೆಗಳನ್ನು ತಂದರು. 1966ರಲ್ಲಿ ಗೋಖಲೆ ಶತಾಬ್ದಿ ಕಾಲೇಜು ಅಂಕೋಲೆಗೆ ಬಂತು. ಅವರ 'ಜನಸೇವಕ' ಪತ್ರಿಕೆಯ ಹಳೆಯ ಸಂಚಿಕೆಗಳು ಜಿಲ್ಲೆಯ ದೈನಂದಿನ ಚರಿತ್ರೆಗೆ ಕನ್ನಡಿ. ಅಂಬಾರಕೊಡ್ಲದ ವಿಷ್ಣು ನಾಯ್ಕರು ತಮ್ಮ ರಾಘವೇಂದ್ರ ಪ್ರಕಾಶನದಿಂದ ಹಳ್ಳಿಯಲ್ಲಿದ್ದುಕೊಂಡೇ ಪ್ರಾಂತದ ಬರಹಗಾರರನ್ನು ಅಚ್ಚಿಗೆ ತಂದದ್ದು ಇನ್ನೊಂದು ಬಗೆಯ ಸಂರಕ್ಷಣೆ. ಘಟ್ಟದ ಮೇಲೆ ಕೆಳದಿಯಲ್ಲಿ ಗುಂಡಾ ಜೋಯಿಸರು ಮನೆಮನೆಯ ಓಲೆ, ಕಡತ, ಮೋಡಿಪತ್ರಗಳನ್ನು ಬೇಡಿ ತಂದು ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ಸರಕಾರದ ಹಣಕ್ಕಿಂತ ಒಬ್ಬನ ಹಟವು ಹೆಚ್ಚು ಕೆಲಸ ಮಾಡಬಲ್ಲದೆಂಬುದಕ್ಕೆ ಸಮೀಪದ ನಿದರ್ಶನವಿದು.

ಕಾರವಾರದ ಜಿಲ್ಲಾ ಗ್ರಂಥಾಲಯದಲ್ಲಿಯೂ ಅಂಕೋಲೆಯ ಕಾಲೇಜಿನಲ್ಲಿಯೂ ಸ್ಥಳೀಯ ಇತಿಹಾಸಕ್ಕೆಂದು ಒಂದೊಂದು ಕೋಣೆ ಮೀಸಲಾದರೆ ಮಾಡತಕ್ಕದ್ದು ಬಹಳ. ಅದರ ಮೊದಲನೆಯ ನಿಯಮವು ಮೂಲವನ್ನು ಕೇಳಬಾರದೆಂಬುದಾಗಿರಲಿ. ಗಂಟು ಒಡೆಯನ ಮನೆಯಲ್ಲಿಯೇ ಇರಲಿ; ಮನೆಯ ಜಗಲಿಯ ಮೇಲೆಯೇ ಎಲೆಎಲೆಯಾಗಿ ಚಿತ್ರ ತೆಗೆದು, ಚಿತ್ರವನ್ನು ಮಾತ್ರ ಕೊಂಡುಬರುವುದು. ಹಿಂದೆ ಇದಕ್ಕೆ ದೊಡ್ಡ ಯಂತ್ರ ಬೇಕಿತ್ತು. ಈಗ ಮನೆಯ ಹುಡುಗನ ಕೈಯ ಮೊಬೈಲ್ ಸಾಕು. ಭೂಮಿಯ ಪತ್ರಗಳಿಗೆ ಒಡೆಯನು ಇಚ್ಛಿಸಿದಷ್ಟು ವರ್ಷ ಯಾರಿಗೂ ತೋರಿಸಬಾರದೆಂಬ ಕಟ್ಟಳೆ ಹಾಕಿಕೊಳ್ಳಲಿ. ಚಿತ್ರಕ್ಕಿಂತಲೂ ಯಾದಿಯೇ ಮುಖ್ಯ. ಯಾರ ಮನೆ, ಯಾವ ಊರು, ಎಷ್ಟು ಎಲೆ, ಯಾವ ಲಿಪಿ ಎಂದು ಬರೆಯದೆ ಕೂಡಿಹಾಕಿದ ಹತ್ತು ಸಾವಿರ ಚಿತ್ರಗಳು ಅಟ್ಟದ ಮೇಲಿನ ಗಂಟಿಗಿಂತ ಲೇಸಲ್ಲ. ಗಣಕಯಂತ್ರಕ್ಕೂ ತನ್ನ ಒರಲೆಯುಂಟು; ಪ್ರತಿಯು ಎರಡು ಊರುಗಳಲ್ಲಿರುವುದು ಕ್ಷೇಮ.

ಜ್ಞಾತಿಸಂಘಗಳ ಸಹಾಯವಿಲ್ಲದೆ ಈ ಕಾರ್ಯ ನಡೆಯದು. ಮನೆಯ ಬಾಗಿಲು ತೆರೆಯಿಸಬಲ್ಲವರು ಅವರೇ. ಆದರೆ ಸಮಾಜದ ಇತಿಹಾಸವೆಂದು ಅವರು ಅಚ್ಚುಹಾಕಿಸುವ ಪುಸ್ತಕಗಳು ಸಾಮಾನ್ಯವಾಗಿ ಒಬ್ಬ ಋಷಿಯಿಂದ ಆರಂಭವಾಗಿ ದಾನಿಗಳ ಯಾದಿಯಲ್ಲಿ ಮುಗಿಯುತ್ತವೆ. ನಡುವಿನ ಸಾವಿರ ವರ್ಷಕ್ಕೆ ಪುಟಗಳು ಸಾಲುವುದಿಲ್ಲ. ಅಂಥ ಸಂಘಗಳು ತಮ್ಮ ಹಳೆಯ ನಡಾವಳಿ ಪುಸ್ತಕಗಳನ್ನು, ವಿದ್ಯಾರ್ಥಿನಿಲಯದ ಹಾಜರಿಗಳನ್ನು, ಪಂಚಾಯಿತಿಯ ತೀರ್ಪುಗಳನ್ನು ತೆರೆದಿಟ್ಟರೆ ಋಷಿಯ ಅಭಾವವನ್ನು ಯಾರೂ ಎಣಿಸುವುದಿಲ್ಲ.

ಭಾಷೆಯ ಜಗಳವು ಇಲ್ಲಿ ಅಡ್ಡ ಬರಬಾರದು. ಕಾರವಾರವು ತನಗೆ ಸೇರಬೇಕೆಂದು ಮಹಾರಾಷ್ಟ್ರವು ವಾದಿಸಿದ್ದೂ, 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿ ಕೊಟ್ಟದ್ದೂ, ಆಮೇಲೆ ವ್ಯಾಜ್ಯವು 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದೂ ಎಲ್ಲರೂ ಬಲ್ಲ ಸಂಗತಿ. ಅಂಥ ಕಾಲದಲ್ಲಿ ಮೋಡಿಯ ಪತ್ರವೊಂದು ಮನೆಯಲ್ಲಿ ಸಿಕ್ಕಿದರೆ ಕನ್ನಡಾಭಿಮಾನಿಯು ಅದನ್ನು ಬಚ್ಚಿಡುವುದೂ, ಕಡತವೊಂದು ಸಿಕ್ಕಿದರೆ ಎದುರುಪಕ್ಷದವನು ಮೂಲೆಗೆಸೆಯುವುದೂ ಅಸಂಭವವಲ್ಲ. ಮನೆಯಲ್ಲಿ ಕೊಂಕಣಿಯನ್ನಾಡಿ, ವ್ಯಾಪಾರಕ್ಕೆ ಮೋಡಿಯನ್ನು ಬರೆದು, ಶಾಲೆಯಲ್ಲಿ ಕನ್ನಡವನ್ನು ಕಲಿತು, ಪಣಜಿಯ ಬಂದರಿನಲ್ಲಿ ಪೋರ್ತುಗೀಜರೊಡನೆ ವ್ಯವಹರಿಸಿದ ಮನುಷ್ಯನು ಈ ಕರಾವಳಿಯಲ್ಲಿ ಅಪೂರ್ವನಾಗಿರಲಿಲ್ಲ. ಅವನ ಪೆಟ್ಟಿಗೆಯಲ್ಲಿ ನಾಲ್ಕು ಲಿಪಿಗಳಿದ್ದರೆ ನಾಲ್ಕನ್ನೂ ಓದಬಲ್ಲವರನ್ನು ಹುಡುಕಬೇಕು. ಮೋಡಿಯನ್ನು ಸರಾಗವಾಗಿ ಓದುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕಾಲೇಜಿನ ನಾಲ್ಕಾರು ವಿದ್ಯಾರ್ಥಿಗಳನ್ನು ಒಂದು ಬೇಸಗೆ ಅವರ ಬಳಿ ಕೂರಿಸಿದರೆ ಲಿಪಿಯು ಇನ್ನೊಂದು ತಲೆಮಾರು ಉಳಿದೀತು.

ಕೆಲಸಕ್ಕೆ ಕಾಲವೂ ನಿಯತವಾಗಿದೆ. ಕಾರ್ತಿಕದಿಂದ ವೈಶಾಖದ ವರೆಗೆ, ಗಾಳಿ ಒಣಗಿರುವಾಗ, ಗಂಟುಗಳನ್ನು ಬಿಚ್ಚಬಹುದು. ಮೃಗಶಿರೆ ಕಳೆದು ಆರ್ದ್ರೆಯ ಮಳೆ ಹಿಡಿದ ಮೇಲೆ ಅಟ್ಟವನ್ನು ಮುಟ್ಟಬಾರದು; ತೇವ ಕುಡಿದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸುವಾಗ ಅಕ್ಷರಸಹಿತ ಕಿತ್ತುಬರುತ್ತವೆ.